ಮಾರ್ಕ್ಸ್‌ಗೂ ಲೆನಿನ್‌ಗೂ ನಡುವೆ ಯಾರಿದ್ದರು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವನು. ನಮ್ಮ ಮನೆಯಲ್ಲಿ ಸಮಾಜವಾದ ಎಂದರೆ ಲೋಹಿಯಾ, ಶಾಂತವೇರಿ ಗೋಪಾಲಗೌಡ, ಕಾಗೋಡು. ಪದವಿ ತರಗತಿಯಲ್ಲಿ ಯುರೋಪಿನ ಸಮಾಜವಾದ ಎಂದು ಓದಿದ್ದು ಮಾರ್ಕ್ಸ್ ಮತ್ತು ಎಂಗೆಲ್ಸ್. ಅಲ್ಲಿಂದ ಪಾಠ ನೇರವಾಗಿ ಲೆನಿನ್‌ಗೆ ಹಾರಿತು. ನಡುವಿನ ಕಾಲದಲ್ಲಿ ಯಾರಿದ್ದರು? ಬರ್ನ್‌ಸ್ಟೈನ್ ದ್ರೋಹಿ, ರೋಸಾ ಲಕ್ಸೆಂಬರ್ಗ್ ಹುತಾತ್ಮೆ ಎಂದು ಹೇಳುವುದನ್ನು ಕೇಳಿದ್ದೇನೆ, ಅದು ಸರಿಯೇ? ಯುದ್ಧ ಬೇಡ ಎಂದು ಶಪಥ ಮಾಡಿದ್ದ ಪಕ್ಷಗಳು 1914ರಲ್ಲಿ ಯುದ್ಧಕ್ಕೆ ಒಪ್ಪಿಗೆ ಕೊಟ್ಟದ್ದು ಹೇಗೆ? ಒಬ್ಬರನ್ನು ಮಾತ್ರ ಓದಲು ಸಾಧ್ಯವಿದ್ದರೆ ಯಾರಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪಠ್ಯಪುಸ್ತಕ ಹಾರಿದ ಕಂದಕ ಸಣ್ಣದಲ್ಲ. 1883ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಮಾರ್ಕ್ಸ್ ಅವರನ್ನು ಮಣ್ಣು ಮಾಡುವಾಗ ಸುತ್ತ ನಿಂತಿದ್ದವರು ಹತ್ತು ಹನ್ನೊಂದು ಮಂದಿ. 1912ರ ಜನವರಿ ಚುನಾವಣೆಯಲ್ಲಿ ಜರ್ಮನಿಯೊಂದರಲ್ಲೇ, ಅವರ ಹೆಸರು ಹೇಳಿಕೊಂಡು ಬೆಳೆದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ಬಿದ್ದ ಮತಗಳು 42 ಲಕ್ಷ ದಾಟಿದವು. ಮತ ಹಾಕಿದ ಪ್ರತಿ ಮೂವರಲ್ಲಿ ಒಬ್ಬ ಸಮಾಜವಾದಿ. 397 ಸ್ಥಾನಗಳ ರೈಖ್‌ಸ್ಟಾಗ್‌ನಲ್ಲಿ, ಅಂದರೆ ಅವರ ಸಂಸತ್ತಿನಲ್ಲಿ, ಪಕ್ಷಕ್ಕೆ 110 ಸ್ಥಾನ. ಆ ಹನ್ನೊಂದು ಮಂದಿಯಿಂದ ಈ 42 ಲಕ್ಷಕ್ಕೆ ದಾರಿ ಮಾಡಿದವರು ಯಾರು ಎನ್ನುವುದೇ ನಿಮ್ಮ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಹೇಳುವಾಗ ನಾನು ಮರ ಕಡೆಯುವ ಒಬ್ಬ ಕಸುಬುದಾರನಿಂದ ಶುರು ಮಾಡುತ್ತೇನೆ.

ಆಗಸ್ಟ್ ಬೇಬೆಲ್ ಹುಟ್ಟಿದ್ದು 1840ರಲ್ಲಿ, ಕೊಲೋನ್ ಪಕ್ಕದ ಡಾಯಿಟ್ಸ್‌ನಲ್ಲಿ. ತಂದೆ ಪ್ರಷ್ಯಾ ಸೈನ್ಯದ ಕೆಳದರ್ಜೆಯ ಅಧಿಕಾರಿ. ತಂದೆ ತಾಯಿ ಇಬ್ಬರನ್ನೂ ಹುಡುಗ ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡ. ಮರ ಕಡೆಯುವ ಕೆಲಸ ಕಲಿತು, ಊರೂರು ತಿರುಗಿ, ಕೊನೆಗೆ ಲೈಪ್‌ಜಿಗ್‌ನಲ್ಲಿ ನೆಲೆನಿಂತು ಸ್ವಂತ ಕಾರ್ಯಾಗಾರ ಇಟ್ಟುಕೊಂಡ. ಅಲ್ಲಿ ತಯಾರಾಗುತ್ತಿದ್ದದ್ದು ಕೋಣದ ಕೊಂಬಿನಿಂದ ಕಡೆದ ಬಾಗಿಲು, ಕಿಟಕಿಗಳ ಹಿಡಿ. ಯುರೋಪಿನ ಅತಿದೊಡ್ಡ ಕಾರ್ಮಿಕ ಪಕ್ಷವನ್ನು ಕಟ್ಟಿದ ಮನುಷ್ಯ ಹೊಟ್ಟೆಪಾಡಿಗೆ ಬಾಗಿಲ ಹಿಡಿಗಳನ್ನು ಮಾರುತ್ತಿದ್ದರು ಎಂಬುದನ್ನು ನಾನು ಪಾಠ ಮಾಡುವಾಗ ತಪ್ಪದೆ ಹೇಳುತ್ತಿದ್ದೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಜನ ಓದಿ, ವಾದಿಸಿ, ಲೆಕ್ಕ ಇಟ್ಟು ಕಟ್ಟಿದ ಚಳವಳಿ ಅದು. ಈ ಸಂಗತಿ ಮನಸ್ಸಿಗೆ ಇಳಿಯದಿದ್ದರೆ ಮುಂದಿನ ವಾದ ವಿವಾದಗಳು ಬರೀ ಪಂಡಿತರ ಜಗಳದಂತೆ ಕಾಣುತ್ತವೆ.

ಬೇಬೆಲ್ ಅವರಿಗೆ ಮೊದಲೇ ಫರ್ಡಿನಾಂಡ್ ಲಾಸಾಲ್ ಇದ್ದರು. 1863ರಲ್ಲಿ ಲೈಪ್‌ಜಿಗ್‌ನಲ್ಲಿ ಜರ್ಮನ್ ಕಾರ್ಮಿಕರ ಮೊದಲ ರಾಜಕೀಯ ಸಂಘ ಕಟ್ಟಿದ ಮಹಾ ವಾಗ್ಮಿ. ಮರುವರ್ಷವೇ ಪ್ರೇಮ ಪ್ರಕರಣವೊಂದರ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು, 39ನೇ ವಯಸ್ಸಿನಲ್ಲಿ ಜಿನೀವಾ ಬಳಿ ತೀರಿಕೊಂಡರು. ಬೇಬೆಲ್ ಮತ್ತು ವಿಲ್ಹೆಲ್ಮ್ ಲೀಬ್‌ನೆಕ್ಟ್ 1869ರಲ್ಲಿ ಐಸೆನಾಖ್‌ನಲ್ಲಿ ಬೇರೆ ಪಕ್ಷ ಕಟ್ಟಿದರು. 1875ರಲ್ಲಿ ಗೋಥಾದಲ್ಲಿ ಎರಡೂ ಒಂದಾದವು. ನಡುವೆ 1870ರ ಫ್ರಾನ್ಸ್ ಯುದ್ಧ ಬಂತು. ಯುದ್ಧಕ್ಕೆ ಹಣ ಮಂಜೂರು ಮಾಡುವ ಮಸೂದೆ ಬಂದಾಗ ಬೇಬೆಲ್, ಲೀಬ್‌ನೆಕ್ಟ್ ಇಬ್ಬರೂ ಮತ ಹಾಕಲು ಒಪ್ಪಲಿಲ್ಲ. ಮರುವರ್ಷ ಪ್ಯಾರಿಸ್ ಕಮ್ಯೂನನ್ನು, ಅಂದರೆ ಆ ಊರಿನ ಕಾರ್ಮಿಕರು ದಂಗೆಯೆದ್ದು ಕಟ್ಟಿಕೊಂಡ ಆಡಳಿತವನ್ನು, ರಕ್ತದಲ್ಲಿ ಮುಳುಗಿಸುತ್ತಿದ್ದಾಗ ಬೇಬೆಲ್ ರೈಖ್‌ಸ್ಟಾಗ್‌ನಲ್ಲಿ ಎದ್ದು ನಿಂತು ಕಮ್ಯೂನಿನ ಪರ ಮಾತನಾಡಿದರು. ಸಮಾಜವಾದದ ಅಪಾಯ ತನಗೆ ಹೊಳೆದದ್ದು ಆ ಭಾಷಣದಿಂದ ಎಂದು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಆಮೇಲೆ ಹೇಳಿದ. 1872ರಲ್ಲಿ ಇಬ್ಬರಿಗೂ ರಾಜದ್ರೋಹದ ಆರೋಪದ ಮೇಲೆ ಎರಡು ವರ್ಷ ಕೋಟೆ ಸೆರೆ. ಈ 1870ರ ಮತವನ್ನು ನೆನಪಿನಲ್ಲಿಡಿ. 1914ಕ್ಕೆ ಬಂದಾಗ ಬೇಕಾಗುತ್ತದೆ.

1878ರಲ್ಲಿ ಬಿಸ್ಮಾರ್ಕ್ ಸಮಾಜವಾದಿ ವಿರೋಧಿ ಕಾನೂನು ತಂದ. ಪತ್ರಿಕೆಗಳು, ಸಂಘಗಳು, ಸಭೆಗಳು ಎಲ್ಲಕ್ಕೂ ನಿಷೇಧ. ಆದರೆ ಕಾನೂನಿನಲ್ಲಿ ಒಂದು ಕಿಂಡಿ ಉಳಿದಿತ್ತು: ವ್ಯಕ್ತಿಗಳಾಗಿ ಚುನಾವಣೆಗೆ ನಿಲ್ಲಬಹುದಿತ್ತು, ಸಂಸತ್ತಿನಲ್ಲಿ ಮಾತನಾಡಬಹುದಿತ್ತು. ಪಕ್ಷ ಆ ಕಿಂಡಿಯಲ್ಲೇ ಹನ್ನೆರಡು ವರ್ಷ ಉಸಿರಾಡಿತು. ಪತ್ರಿಕೆಯನ್ನು ಜ್ಯೂರಿಕ್‌ನಲ್ಲಿ ಅಚ್ಚು ಹಾಕಿ ಗಡಿ ದಾಟಿಸಿ ಕಳ್ಳತನದಲ್ಲಿ ಒಳಗೆ ತರುತ್ತಿದ್ದರು. ಆ ಜಾಲಕ್ಕೆ ‘ಕೆಂಪು ಅಂಚೆ’ ಎಂಬಂಥ ಹೆಸರೇ ಬಿದ್ದಿತ್ತು. ಕಾರ್ಮಿಕರನ್ನು ಒಲಿಸಿಕೊಳ್ಳಲು ಬಿಸ್ಮಾರ್ಕ್ 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ ಕೊಟ್ಟ. ಜನ ಪಿಂಚಣಿಯನ್ನೂ ತೆಗೆದುಕೊಂಡರು, ಮತವನ್ನು ಬೇಬೆಲ್ ಪಕ್ಷಕ್ಕೇ ಹಾಕಿದರು. 1890ರಲ್ಲಿ ಕಾನೂನು ಸತ್ತುಬಿದ್ದಾಗ ಪಕ್ಷದ ಮತ 14 ಲಕ್ಷ ದಾಟಿತ್ತು. ಬೇಬೆಲ್ 1879ರಲ್ಲಿ ಮಹಿಳೆ ಮತ್ತು ಸಮಾಜವಾದ ಕುರಿತು ಬರೆದ ಪುಸ್ತಕ ಅವರು ಬದುಕಿರುವಾಗಲೇ ಐವತ್ತು ಆವೃತ್ತಿ ಕಂಡಿತು. ಹೆಚ್ಚಿನ ಕಾರ್ಮಿಕರು ಓದಿದ್ದು ಆ ಪುಸ್ತಕವನ್ನು. ಮಾರ್ಕ್ಸ್ ಅವರ ‘ಬಂಡವಾಳ’ ಓದಿದವರು ಕಡಿಮೆ.

ಈಗ ಬರ್ನ್‌ಸ್ಟೈನ್. ನಿಮ್ಮ ಪ್ರಶ್ನೆಯ ಈ ಭಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ‘ದ್ರೋಹಿ’ ಎಂಬ ಪದ ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ಎಡ್ವರ್ಡ್ ಬರ್ನ್‌ಸ್ಟೈನ್ ಬರ್ಲಿನ್‌ನ ಯಹೂದಿ ಕುಟುಂಬದವರು, ರೈಲು ಎಂಜಿನ್ ಚಾಲಕನ ಮಗ, ಬ್ಯಾಂಕ್ ಗುಮಾಸ್ತ. ಜ್ಯೂರಿಕ್‌ನಲ್ಲಿ ಆ ನಿಷಿದ್ಧ ಪತ್ರಿಕೆಗೆ 1881ರಿಂದ ಸಂಪಾದಕರಾಗಿದ್ದವರು ಇವರೇ. ಬಿಸ್ಮಾರ್ಕ್‌ನ ಒತ್ತಡಕ್ಕೆ ಮಣಿದು ಸ್ವಿಟ್ಜರ್ಲೆಂಡ್ 1888ರಲ್ಲಿ ಹೊರಹಾಕಿದ ಮೇಲೆ ಲಂಡನ್ ಸೇರಿದರು, ಎಂಗೆಲ್ಸ್ ಅವರ ಆಪ್ತರಾದರು. ಎಂಗೆಲ್ಸ್ ತೀರಿಕೊಂಡದ್ದು 1895ರ ಆಗಸ್ಟ್‌ನಲ್ಲಿ. ತಮ್ಮ ಬೂದಿಯನ್ನು ಕಡಲಿಗೆ ಬಿಡಬೇಕೆಂದು ಅವರು ಹೇಳಿದ್ದರು. ಈಸ್ಟ್‌ಬೋರ್ನ್ ಕಡಲತೀರದಿಂದ ಸಣ್ಣ ದೋಣಿಯೊಂದರಲ್ಲಿ ನಾಲ್ವರು ಹೊರಟರು: ಮಾರ್ಕ್ಸ್ ಅವರ ಮಗಳು ಎಲೀನರ್, ಆಕೆಯ ಸಂಗಾತಿ ಏವ್ಲಿಂಗ್, ಹಳೆಯ ಕಮ್ಯುನಿಸ್ಟ್ ದರ್ಜಿ ಲೆಸ್ನರ್, ಮತ್ತು ಬರ್ನ್‌ಸ್ಟೈನ್. ಗುರುವಿನ ಬೂದಿಯನ್ನು ನೀರಿಗೆ ಬಿಟ್ಟ ಕೈಗಳಲ್ಲಿ ಅವರದೂ ಒಂದು. ಮುಂದಿನ ವರ್ಷವೇ ಗುರುಗಳ ಲೆಕ್ಕ ಎಲ್ಲೆಲ್ಲಿ ತಪ್ಪಿದೆ ಎಂದು ಅವರು ಲೇಖನಮಾಲೆ ಬರೆಯಲು ಕುಳಿತರು.

ಅವರು ಹೇಳಿದ್ದೇನು? ಸಣ್ಣ ಒಡೆಯರು ಅಳಿದುಹೋಗಿ ಸಮಾಜದಲ್ಲಿ ಬೆರಳೆಣಿಕೆಯ ಬಂಡವಾಳಗಾರರು, ಉಳಿದವರೆಲ್ಲ ಕೂಲಿಕಾರರು ಎಂಬ ಸ್ಥಿತಿ ಬರುತ್ತದೆ ಎಂದಿದ್ದೆವು, ಹಾಗೆ ಆಗುತ್ತಿಲ್ಲ. ಷೇರುದಾರರು ಹೆಚ್ಚುತ್ತಿದ್ದಾರೆ, ರೈತರು ಉಳಿದಿದ್ದಾರೆ. ಮಹಾಕುಸಿತ ಬಂದು ವ್ಯವಸ್ಥೆ ತಾನಾಗಿ ಬೀಳುವ ಲಕ್ಷಣವಿಲ್ಲ. ಹಾಗಿರುವಾಗ ಕಾರ್ಮಿಕ ಸಂಘ, ಸಹಕಾರ ಸಂಘ, ಮತದಾನದ ಹಕ್ಕು, ಪುರಸಭೆ, ಇವುಗಳ ಮೂಲಕ ದಿನದಿನವೂ ಗೆಲ್ಲುವುದೇ ಸಮಾಜವಾದ. ಅಂತಿಮ ಗುರಿ ಎಂದು ಕರೆಯುವುದು ತನಗೆ ಏನೂ ಅಲ್ಲ, ಚಳವಳಿಯೇ ಎಲ್ಲ ಎಂದುಬಿಟ್ಟರು. 1899ರಲ್ಲಿ ಇದು ಪುಸ್ತಕವಾಯಿತು. ‘ಪರಿಷ್ಕರಣವಾದ’ ಎಂಬ ಹೆಸರು ಅಂಟಿತು.

ಇಲ್ಲಿ ಒಂದು ಸ್ವಾರಸ್ಯ ಇದೆ. 1891ರಲ್ಲಿ ಎರ್‌ಫರ್ಟ್‌ನಲ್ಲಿ ಪಕ್ಷ ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಎರಡು ಭಾಗಗಳಿದ್ದವು. ಮೊದಲ ಭಾಗ ಸಿದ್ಧಾಂತ: ಬಂಡವಾಳಶಾಹಿ ಕುಸಿಯಲೇಬೇಕು. ಎರಡನೆಯದು ಬೇಡಿಕೆಗಳು: ಎಂಟು ಗಂಟೆ ಕೆಲಸ, ಎಲ್ಲರಿಗೂ ಮತ, ಉಚಿತ ಶಿಕ್ಷಣ, ಉಚಿತ ಔಷಧೋಪಚಾರ. ಮೊದಲ ಭಾಗ ಬರೆದವರು ಕಾರ್ಲ್ ಕೌಟ್ಸ್ಕಿ, ಎರಡನೆಯದನ್ನು ಬರೆದವರು ಬರ್ನ್‌ಸ್ಟೈನ್. ಆಗ ಇಬ್ಬರೂ ಜೀವದ ಗೆಳೆಯರು. ಪ್ರಾಗ್‌ನಲ್ಲಿ ಹುಟ್ಟಿದ ಕೌಟ್ಸ್ಕಿ 1883ರಲ್ಲಿ ಸ್ಥಾಪಿಸಿದ ಪತ್ರಿಕೆ ಇಡೀ ಯುರೋಪಿನ ಮಾರ್ಕ್ಸ್‌ವಾದಿಗಳಿಗೆ ಪಾಠಶಾಲೆಯಾಗಿತ್ತು. ಬರ್ನ್‌ಸ್ಟೈನ್ ತಮ್ಮ ಸಂಶಯಗಳನ್ನು ಪ್ರಕಟಿಸಿದ್ದೂ ಅದರಲ್ಲೇ. ಕಾರ್ಯಕ್ರಮದ ಎರಡು ಭಾಗಗಳ ನಡುವೆ ಸೇತುವೆ ಇರಲಿಲ್ಲ. ಎಂಟು ಗಂಟೆಯ ಕೆಲಸದಿಂದ ಕ್ರಾಂತಿಗೆ ಹೋಗುವುದು ಹೇಗೆಂದು ಯಾರೂ ಬರೆದಿರಲಿಲ್ಲ. ಬರ್ನ್‌ಸ್ಟೈನ್ ಮಾಡಿದ ‘ತಪ್ಪು’ ಅದನ್ನು ಬಾಯಿಬಿಟ್ಟು ಹೇಳಿದ್ದು. ಪಕ್ಷದ ಕಾರ್ಯದರ್ಶಿ ಇಗ್ನಾಜ್ ಆವರ್ ಬರ್ನ್‌ಸ್ಟೈನ್‌ಗೆ ಬರೆದ ಪತ್ರದ ಸಾರ ಹೀಗಿದೆ: ಗೆಳೆಯಾ, ಇಂಥದ್ದನ್ನು ನಿರ್ಣಯ ಮಾಡುವುದೂ ಇಲ್ಲ, ಹೇಳುವುದೂ ಇಲ್ಲ, ಮಾಡುತ್ತಾರೆ ಅಷ್ಟೇ. 1899ರಲ್ಲಿ ಹ್ಯಾನೋವರ್‌ನಲ್ಲಿ, 1903ರಲ್ಲಿ ಡ್ರೆಸ್ಡನ್‌ನಲ್ಲಿ ಪಕ್ಷ ಅವರ ವಾದವನ್ನು ಖಂಡಿಸಿತು. ಖಂಡಿಸಿದ ಮರುದಿನ ಎಲ್ಲರೂ ತಂತಮ್ಮ ಊರಿಗೆ ಹೋಗಿ ಬರ್ನ್‌ಸ್ಟೈನ್ ಹೇಳಿದ ಕೆಲಸವನ್ನೇ ಮುಂದುವರಿಸಿದರು.

ಅವರಿಗೆ ಎದುರಾಗಿ ನಿಂತವರು ಇಪ್ಪತ್ತೆಂಟರ ಹರೆಯದ ರೋಸಾ ಲಕ್ಸೆಂಬರ್ಗ್. ರಷ್ಯಾದ ಹಿಡಿತದಲ್ಲಿದ್ದ ಪೋಲೆಂಡಿನ ಜಾಮೋಷ್ಚ್ ಎಂಬ ಊರಿನ ಯಹೂದಿ ಹುಡುಗಿ, ಬಾಲ್ಯದ ಸೊಂಟದ ಕಾಯಿಲೆಯಿಂದ ನಡಿಗೆಯಲ್ಲಿ ಕುಂಟು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿದ್ದ ಜ್ಯೂರಿಕ್‌ನಲ್ಲಿ 1897ರಲ್ಲಿ ಪೋಲೆಂಡಿನ ಕೈಗಾರಿಕೆಯ ಬಗ್ಗೆ ಡಾಕ್ಟರೇಟ್ ಪಡೆದು, ಜರ್ಮನ್ ಪೌರತ್ವಕ್ಕಾಗಿ ಹೆಸರಿಗೊಂದು ಮದುವೆ ಮಾಡಿಕೊಂಡು, 1898ರಲ್ಲಿ ಬರ್ಲಿನ್‌ಗೆ ಬಂದಿಳಿದರು. ಬಂದ ಕೆಲವೇ ತಿಂಗಳಲ್ಲಿ ಬರ್ನ್‌ಸ್ಟೈನ್‌ಗೆ ಉತ್ತರ ಬರೆದರು. ಸಾಲದ ವ್ಯವಸ್ಥೆ, ದೊಡ್ಡ ಕಂಪನಿಗಳ ಒಕ್ಕೂಟಗಳು ಬಿಕ್ಕಟ್ಟನ್ನು ತಪ್ಪಿಸುವುದಿಲ್ಲ, ಮುಂದೂಡಿ ಇನ್ನಷ್ಟು ದೊಡ್ಡದು ಮಾಡುತ್ತವೆ ಎಂಬುದು ಅವರ ಒಂದು ವಾದ. ಸುಧಾರಣೆಯ ದಾರಿ ಹಿಡಿದವರು ಅದೇ ಗುರಿಗೆ ನಿಧಾನವಾಗಿ ತಲುಪುವುದಿಲ್ಲ, ಅವರು ಬೇರೆ ಗುರಿಯನ್ನೇ ಆರಿಸಿಕೊಂಡಿರುತ್ತಾರೆ ಎಂಬುದು ಇನ್ನೊಂದು. ಕಾರ್ಮಿಕ ಸಂಘಗಳ ಹೋರಾಟವನ್ನು ಅವರು ಗ್ರೀಕ್ ಪುರಾಣದ ಸಿಸಿಫಸ್‌ನ ದುಡಿಮೆಗೆ ಹೋಲಿಸಿದರು. ಬಂಡೆಯನ್ನು ಗುಡ್ಡದ ತುದಿಗೆ ಉರುಳಿಸಿದಷ್ಟೂ ಅದು ಕೆಳಗೆ ಬರುತ್ತಿರುತ್ತದೆ. ಸಂಘಗಳ ಮುಖಂಡರು ಈ ಮಾತನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಇಬ್ಬರಲ್ಲಿ ಯಾರು ಸರಿ? ಸಣ್ಣ ಒಡೆಯರ ಬಗ್ಗೆ, ತಾನಾಗಿ ಬರುವ ಕುಸಿತದ ಬಗ್ಗೆ ಬರ್ನ್‌ಸ್ಟೈನ್ ಕಂಡದ್ದು ಸರಿ. ಆದರೆ ಆಳುವವರು ಸೋಲನ್ನು ಶಾಂತವಾಗಿ ಒಪ್ಪಿಕೊಳ್ಳುತ್ತಾರೆ ಎಂದು ಅವರು ನಂಬಿದ್ದರು. ಸೈನ್ಯ, ಬಿಕ್ಕಟ್ಟು, ಯುದ್ಧ ಬಾಗಿಲಲ್ಲಿ ನಿಂತಿವೆ ಎಂದು ಕಂಡವರು ಲಕ್ಸೆಂಬರ್ಗ್. ಒಬ್ಬರು ಮುಂದಿನ ಐವತ್ತು ವರ್ಷದ ಸ್ವೀಡನ್ನನ್ನು ನೋಡುತ್ತಿದ್ದರು, ಇನ್ನೊಬ್ಬರು ಮುಂದಿನ ಹದಿನೈದು ವರ್ಷದ ಜರ್ಮನಿಯನ್ನು. ಒಬ್ಬರಿಗೆ ದ್ರೋಹಿ ಪಟ್ಟ ಕಟ್ಟಿದರೆ ಈ ವಾದದ ಅರ್ಧ ಮಣ್ಣುಪಾಲಾಗುತ್ತದೆ.

ಫ್ರಾನ್ಸ್‌ನಲ್ಲಿ ಇದೇ ಪ್ರಶ್ನೆಗೆ ಬೇರೆಯೇ ಮುಖ ಇತ್ತು, ಆ ಮುಖದ ಹೆಸರು ಜಾನ್ ಜೋರೆಸ್. ದಕ್ಷಿಣದ ಕಾಸ್ತ್ರ್ ಊರಿನವರು, ತತ್ತ್ವಶಾಸ್ತ್ರದ ಅಧ್ಯಾಪಕರು, ಮೊದಲು ಸಂಸತ್ತಿಗೆ ಬಂದಾಗ ಸಮಾಜವಾದಿಯೂ ಆಗಿರಲಿಲ್ಲ. ಅವರನ್ನು ಬದಲಿಸಿದ್ದು ಕಾರ್ಮೋ ಎಂಬ ಗಣಿಯೂರು. 1892ರಲ್ಲಿ ಅಲ್ಲಿನ ಗಣಿ ಕಾರ್ಮಿಕ ಕಾಲ್ವಿಞಾಕ್ ಎಂಬವರನ್ನು ಜನ ಮೇಯರ್ ಆಗಿ ಆರಿಸಿದರು. ಪುರಸಭೆ ಕೆಲಸಕ್ಕೆ ರಜೆ ಕೇಳಿದ್ದಕ್ಕೆ ಗಣಿ ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಮತ ಹಾಕುವ ಹಕ್ಕು ಕೊಟ್ಟ ಗಣರಾಜ್ಯ, ಆರಿಸಿ ಬಂದವನನ್ನು ಮಾಲೀಕ ಮನೆಗೆ ಕಳಿಸಿದರೆ ಸುಮ್ಮನಿರುತ್ತದೆ! ಇಡೀ ಊರು ಮುಷ್ಕರ ಹೂಡಿತು, ಜೋರೆಸ್ ಅವರ ಪರ ಬರೆದರು, ಕಾಲ್ವಿಞಾಕ್ ಮರಳಿ ಕೆಲಸಕ್ಕೆ ಸೇರಿದರು. ಮರುವರ್ಷ ಅದೇ ಗಣಿಗಾರರು ಜೋರೆಸ್‌ರನ್ನು ಸಂಸತ್ತಿಗೆ ಕಳಿಸಿದರು. ಪ್ರಜಾಪ್ರಭುತ್ವ ಕಾರ್ಖಾನೆಯ ಗೇಟಿನ ಹೊರಗೆ ನಿಲ್ಲಬಾರದು, ಒಳಗೂ ಬರಬೇಕು ಎಂಬುದೇ ಅವರ ಸಮಾಜವಾದವಾಯಿತು. 1895ರಲ್ಲಿ ಅದೇ ಊರಿನ ಗಾಜಿನ ಕಾರ್ಮಿಕರು ಬೀದಿಗೆ ಬಿದ್ದಾಗ, ಪಕ್ಕದ ಆಲ್ಬಿಯಲ್ಲಿ ಕಾರ್ಮಿಕರದೇ ಗಾಜಿನ ಕಾರ್ಖಾನೆ ಎದ್ದು ನಿಲ್ಲಲು ನೆರವಾದರು.

ಡ್ರೇಫಸ್ ಪ್ರಕರಣದಲ್ಲಿ ಅವರ ದೊಡ್ಡತನ ಇನ್ನೂ ಚೆನ್ನಾಗಿ ಕಾಣುತ್ತದೆ. ಯಹೂದಿ ಸೇನಾಧಿಕಾರಿಯೊಬ್ಬನ ಮೇಲೆ ಸುಳ್ಳು ದೇಶದ್ರೋಹದ ಆರೋಪ. ಶ್ರೀಮಂತ ಅಧಿಕಾರಿಯೊಬ್ಬನ ಪಾಡು ಕಾರ್ಮಿಕರಿಗೇಕೆ ಎಂದು ಕಟ್ಟಾ ಮಾರ್ಕ್ಸ್‌ವಾದಿ ಜ್ಯೂಲ್ ಗೆಡ್ ದೂರ ನಿಂತರು. ಜೋರೆಸ್ 1898ರಲ್ಲಿ ಸಾಕ್ಷ್ಯಗಳನ್ನು ಒಂದೊಂದಾಗಿ ಬಿಡಿಸಿ ಪತ್ರಿಕೆಯಲ್ಲಿ ಬರೆದರು. ಅನ್ಯಾಯಕ್ಕೆ ಒಳಗಾದ ಮೇಲೆ ಆ ಮನುಷ್ಯ ಅಧಿಕಾರಿಯೂ ಅಲ್ಲ, ಶ್ರೀಮಂತನೂ ಅಲ್ಲ, ನರಳುತ್ತಿರುವ ಮಾನವತೆ ಅಷ್ಟೇ ಎಂಬುದು ಅವರ ನಿಲುವು. ಮರುವರ್ಷ ಸಮಾಜವಾದಿ ಮಿಲ್ಲೆರಾಂ ಮಂತ್ರಿಯಾದಾಗ, ಅದೇ ಸಂಪುಟದಲ್ಲಿ ಕಮ್ಯೂನಿನ ಕಾರ್ಮಿಕರನ್ನು ಕೊಂದ ಜನರಲ್ ಗಾಲಿಫೆ ಕೂತಿದ್ದ. ಜೋರೆಸ್ ಗಣರಾಜ್ಯದ ಉಳಿವಿಗಾಗಿ ಅದನ್ನೂ ನುಂಗಿಕೊಂಡರು, ಗೆಡ್ ಕಿಡಿಕಾರಿದರು.

ಈ ಜಗಳ 1904ರ ಆಗಸ್ಟ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅಂತರರಾಷ್ಟ್ರೀಯ ಸಮಾವೇಶಕ್ಕೆ ಬಂತು. 1889ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಮೇ ದಿನವನ್ನು ಜಗತ್ತಿಗೆ ಕೊಟ್ಟ ಎರಡನೇ ಇಂಟರ್‌ನ್ಯಾಷನಲ್‌ನ, ಅಂದರೆ ಹಲವು ದೇಶಗಳ ಸಮಾಜವಾದಿ ಪಕ್ಷಗಳ ಒಕ್ಕೂಟದ, ಸಮಾವೇಶ ಅದು. ಜೋರೆಸ್ ಒಂದು ಕಡೆ, ಬೇಬೆಲ್ ಇನ್ನೊಂದು ಕಡೆ. ನಿಮ್ಮಲ್ಲಿ ಮೂವತ್ತು ಲಕ್ಷ ಮತಗಳಿದ್ದೂ ಅಧಿಕಾರವಿಲ್ಲ, ಆ ಅಸಹಾಯಕತೆಯನ್ನು ಕ್ರಾಂತಿಕಾರಿ ಮಾತಿನಲ್ಲಿ ಮುಚ್ಚುತ್ತಿದ್ದೀರಿ ಎಂದು ಜೋರೆಸ್ ಜರ್ಮನರಿಗೆ ನೇರವಾಗಿ ಹೇಳಿದರು. ಅವರ ಫ್ರೆಂಚ್ ಭಾಷಣವನ್ನು ಜರ್ಮನ್‌ಗೆ ಅನುವಾದಿಸಲು ಯಾರೂ ಸಿಗದಿದ್ದಾಗ ಎದ್ದು ನಿಂತವರು ರೋಸಾ ಲಕ್ಸೆಂಬರ್ಗ್. ಎದುರಾಳಿಯ ಮಾತನ್ನು, ತಾನೇ ಖಂಡಿಸಲಿದ್ದ ಮಾತನ್ನು, ಅದೇ ಕಾವಿನಲ್ಲಿ ಹೇಳಿ ಮುಗಿಸಿದರು. ಸಮಾವೇಶದಲ್ಲಿ ಜೋರೆಸ್ ಸೋತರು. ಸೋತರೂ ಪಕ್ಷ ಒಡೆಯಲಿಲ್ಲ. ತೀರ್ಪಿಗೆ ತಲೆಬಾಗಿ 1905ರಲ್ಲಿ ಗೆಡ್ ಜೊತೆ ಒಂದೇ ಪಕ್ಷದಲ್ಲಿ ಕೂತರು.

ಅದೇ ಆಮ್‌ಸ್ಟರ್‌ಡ್ಯಾಮ್ ಸಭೆಯಲ್ಲಿ ಎಂಬತ್ತರ ಹೊಸ್ತಿಲಲ್ಲಿದ್ದ ದಾದಾಭಾಯಿ ನವರೋಜಿ ಭಾರತದ ಬಡತನದ ಬಗ್ಗೆ ಮಾತನಾಡಲು ಎದ್ದಾಗ ಪ್ರತಿನಿಧಿಗಳೆಲ್ಲ ಎದ್ದು ನಿಂತು ಗೌರವ ಸಲ್ಲಿಸಿದರು. ಮೂರು ವರ್ಷದ ನಂತರ, 1907ರ ಸ್ಟುಟ್‌ಗಾರ್ಟ್ ಸಮಾವೇಶದಲ್ಲಿ ಮೇಡಂ ಭಿಕಾಜಿ ಕಾಮಾ ವಂದೇ ಮಾತರಂ ಎಂದು ಬರೆದ ಭಾರತದ ಬಾವುಟ ಬಿಚ್ಚಿ ಹಿಡಿದರು. ಆದರೆ ಅದೇ ಸಮಾವೇಶದಲ್ಲಿ ಡಚ್ ಸಮಾಜವಾದಿ ವಾನ್ ಕೋಲ್ ತಂಡ, ವಸಾಹತುಗಳನ್ನು ಸಾರಾಸಗಟಾಗಿ ಖಂಡಿಸಬೇಕಿಲ್ಲ, ಸಮಾಜವಾದಿ ಆಡಳಿತದಲ್ಲಿ ಅವು ನಾಗರಿಕತೆ ಹರಡಬಹುದು ಎಂಬ ನಿರ್ಣಯ ತಂದಿತ್ತು. ಬರ್ನ್‌ಸ್ಟೈನ್ ಅದನ್ನು ಬೆಂಬಲಿಸಿದರು. ನಾನು ಮೇಲೆ ಅವರ ಪರ ಬರೆದದ್ದನ್ನು ಓದಿದ ನಿಮಗೆ ಇದನ್ನು ಮುಚ್ಚಿಡಲಾರೆ. ಕೌಟ್ಸ್ಕಿ ವಿರೋಧಿಸಿದರು, 127 ಮತಗಳೆದುರು 108ರಿಂದ ಆ ನಿರ್ಣಯ ಬಿತ್ತು. 108 ಸಣ್ಣ ಸಂಖ್ಯೆಯಲ್ಲ. 1913ರಲ್ಲಿ ಲಕ್ಸೆಂಬರ್ಗ್ ಬಂಡವಾಳ ಸಂಚಯದ ಬಗ್ಗೆ ಬರೆದ ದೊಡ್ಡ ಗ್ರಂಥ, ಹೊರಗಿನ ಹಳ್ಳಿ, ಭೂಮಿ, ಕಸುಬುಗಳನ್ನು ತಿನ್ನದೆ ಬಂಡವಾಳ ಬದುಕಲಾರದು ಎಂದು ವಾದಿಸುತ್ತದೆ; ಬ್ರಿಟಿಷರು ಭಾರತದ ಹಳ್ಳಿಗಳ ಭೂವ್ಯವಸ್ಥೆಯನ್ನು ಮುರಿದ ಕಥೆ ಅದರಲ್ಲಿದೆ. ಬಂಡವಾಳಶಾಹಿ ಮತ್ತು ಸಾಮ್ರಾಜ್ಯಶಾಹಿ ಅವಳಿಗಳು, ಯುರೋಪು ತನ್ನ ಸಿರಿಗೆ ತಾನೇ ಕಾರಣ ಎಂದು ಭಾವಿಸುವುದು ಸುಳ್ಳು ಎಂದು ಲೋಹಿಯಾ ವಾದಿಸಿದ್ದನ್ನು ನೀವು ಮನೆಯಲ್ಲಿ ಕೇಳಿರುತ್ತೀರಿ. 1951ರಲ್ಲಿ ಕಾಗೋಡಿಗೆ ಬಂದು ಬಂಧನಕ್ಕೊಳಗಾದ ಆ ಲೋಹಿಯಾ, 1929ರಿಂದ 1933ರವರೆಗೆ ಬರ್ಲಿನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಈ ಪಕ್ಷಗಳು ಕುಸಿಯುವುದನ್ನು ಕಣ್ಣಾರೆ ಕಂಡವರು. ನಿಮ್ಮ ಮನೆಯ ಸಮಾಜವಾದಕ್ಕೂ ಈ ಕಥೆಗೂ ನಂಟು ಇಲ್ಲಿದೆ.

ಬ್ರಿಟನ್ನಿನ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಹತ್ತನೇ ವಯಸ್ಸಿಗೆ ಕಲ್ಲಿದ್ದಲ ಗಣಿಗೆ ಇಳಿದ ಸ್ಕಾಟ್ಲೆಂಡಿನ ಕೀರ್ ಹಾರ್ಡಿ 1892ರಲ್ಲಿ ಸಂಸತ್ತಿಗೆ ಬಂದರು. 1900ರಲ್ಲಿ ಮುಂದಿನ ಲೇಬರ್ ಪಕ್ಷಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯರು. ಅವರಿಗೆ ಮಾರ್ಕ್ಸ್‌ಗಿಂತ ಬೈಬಲ್ ಹತ್ತಿರ. 1907ರಲ್ಲಿ ಭಾರತಕ್ಕೂ ಬಂದು ತಿರುಗಾಡಿ, ಭಾರತೀಯರಿಗೆ ಸ್ವಯಮಾಡಳಿತ ಬೇಕು ಎಂದು ಹೇಳಿ ಲಂಡನ್ ಪತ್ರಿಕೆಗಳ ಬೈಗುಳ ತಿಂದರು.

ಈಗ ನಿಮ್ಮ ಮುಖ್ಯ ಪ್ರಶ್ನೆ, 1914.

1912ರ ನವೆಂಬರ್‌ನಲ್ಲಿ ಬಾಲ್ಕನ್ ಯುದ್ಧದ ಹೊಗೆ ಏಳುತ್ತಿದ್ದಾಗ ಇಂಟರ್‌ನ್ಯಾಷನಲ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೇರಿತು. ಊರಿನ ಹಳೆಯ ಇಗರ್ಜಿಯನ್ನೇ ಸಭೆಗೆ ಬಿಟ್ಟುಕೊಟ್ಟಿದ್ದರು. ಕೆಂಪು ಬಾವುಟಗಳು ಒಳಗೆ ಹೋಗುವಾಗ ಗಂಟೆಗಳು ಮೊಳಗಿದವು. ಜೋರೆಸ್ ಆ ಗಂಟೆಗಳ ನಾದ ಹಿಡಿದೇ ಮಾತನಾಡಿದರು. ಶಿಲರ್ ಕವಿ ತನ್ನ ಗಂಟೆಯ ಕವಿತೆಯ ನೆತ್ತಿಯಲ್ಲಿಟ್ಟ ಲ್ಯಾಟಿನ್ ಸಾಲನ್ನು ನೆನೆದರು: ಬದುಕಿರುವವರನ್ನು ಕರೆಯುತ್ತೇನೆ, ಸತ್ತವರಿಗಾಗಿ ಅಳುತ್ತೇನೆ, ಸಿಡಿಲನ್ನು ಮುರಿಯುತ್ತೇನೆ. ಎರಡು ವರ್ಷವೂ ತುಂಬಲಿಲ್ಲ. 1914ರ ಜುಲೈ 29ರಂದು ಬ್ರಸೆಲ್ಸ್‌ನಲ್ಲಿ ತುರ್ತು ಸಭೆ. ಸಂಜೆಯ ಬಹಿರಂಗ ಸಭೆಯಲ್ಲಿ ಜೋರೆಸ್ ಜರ್ಮನ್ ಪಕ್ಷದ ಅಧ್ಯಕ್ಷ ಹ್ಯೂಗೋ ಹಾಸೆಯವರ ಹೆಗಲ ಮೇಲೆ ಕೈಯಿಟ್ಟು ಜನರ ಮುಂದೆ ನಿಂತರು. ಮರುದಿನ ರೈಲಿಗೆ ಇನ್ನೂ ಹೊತ್ತಿತ್ತು. ನಿಮ್ಮ ಹಳೆಯ ಫ್ಲೆಮಿಷ್ ಚಿತ್ರಕಾರರ ಚಿತ್ರಗಳನ್ನು ಇನ್ನೊಮ್ಮೆ ನೋಡಿ ಬರುತ್ತೇನೆ ಎಂದು ಬೆಲ್ಜಿಯಂ ಗೆಳೆಯನಿಗೆ ಹೇಳಿ ಸಂಗ್ರಹಾಲಯಕ್ಕೆ ಹೋದರು. ಜುಲೈ 31ರ ರಾತ್ರಿ, ಪ್ಯಾರಿಸ್‌ನ ಮೊಂಮಾರ್ತ್ರ್ ಬೀದಿಯ ಕ್ರಾಸಾಂ ಕೆಫೆಯಲ್ಲಿ, ತೆರೆದ ಕಿಟಕಿಗೆ ಬೆನ್ನು ಹಾಕಿ ಊಟಕ್ಕೆ ಕೂತಿದ್ದಾಗ, ರಾವುಲ್ ವಿಲ್ಲಾಂ ಎಂಬ ಯುವಕ ಗುಂಡಿಟ್ಟು ಕೊಂದ. 1919ರಲ್ಲಿ ನ್ಯಾಯಾಲಯ ಆ ಕೊಲೆಗಾರನನ್ನು ಬಿಡುಗಡೆ ಮಾಡಿತು. ಮೊಕದ್ದಮೆಯ ಖರ್ಚನ್ನು ಜೋರೆಸ್ ಅವರ ವಿಧವೆಯ ತಲೆಗೆ ಕಟ್ಟಿತು. ಈ ಸಾಲು ಬರೆಯುವಾಗ ಈಗಲೂ ನನ್ನ ಕೈ ಬಿಗಿಯಾಗುತ್ತದೆ.

ಆಗಸ್ಟ್ 4ರಂದು ಪ್ಯಾರಿಸ್‌ನಲ್ಲಿ ಅವರ ಶವಯಾತ್ರೆ. ಅದೇ ದಿನ ಬರ್ಲಿನ್‌ನಲ್ಲಿ ಯುದ್ಧಕ್ಕೆ ಹಣ ಕೊಡುವ ಮಸೂದೆಯ ಮೇಲೆ ಮತದಾನ. ಹಿಂದಿನ ದಿನ ಪಕ್ಷದ ಒಳಸಭೆಯಲ್ಲಿ 78 ಮಂದಿ ಪರ, 14 ಮಂದಿ ವಿರುದ್ಧ. ವಿರೋಧಿಸಿದವರಲ್ಲಿ ಹಾಸೆ ಒಬ್ಬರು. ಆದರೂ ಶಿಸ್ತಿಗೆ ಕಟ್ಟುಬಿದ್ದು, ಅಪಾಯದ ಗಳಿಗೆಯಲ್ಲಿ ತಾಯ್ನಾಡಿನ ಕೈಬಿಡುವುದಿಲ್ಲ ಎಂಬ ಹೇಳಿಕೆಯನ್ನು ಸದನದಲ್ಲಿ ಓದಿದವರೂ ಹಾಸೆಯೇ. ಈ ಸುದ್ದಿ ಹೊತ್ತ ಪತ್ರಿಕೆ ಬಂದಾಗ ಲೆನಿನ್ ಅದನ್ನು ಜರ್ಮನ್ ಸೇನೆ ಅಚ್ಚು ಹಾಕಿಸಿದ ನಕಲಿ ಸಂಚಿಕೆ ಎಂದುಕೊಂಡರು.

ಹೇಗಾಯಿತು? ರಷ್ಯಾದ ಝಾರ್ ಮೇಲಿನ ಭಯ ಒಂದು ಕಾರಣ. ಯುರೋಪಿನಲ್ಲೇ ಕ್ರೂರವಾದ ಆ ಆಡಳಿತದ ಸೈನ್ಯ ಮೊದಲು ಹೊರಟಂತೆ ಕಾಣುವಹಾಗೆ ಜರ್ಮನ್ ಸರ್ಕಾರ ನೋಡಿಕೊಂಡಿತು. ರಷ್ಯಾ ಮೇಲೆ ಬಿದ್ದರೆ ಈ ವಯಸ್ಸಿನಲ್ಲೂ ತಾನೇ ಕೋವಿ ಹೊರುತ್ತೇನೆ ಎಂದು ಹಿಂದೆ ಬೇಬೆಲ್ ಕೂಡ ಹೇಳಿದ್ದರು. 1870ರಲ್ಲಿ ಮತ ನಿರಾಕರಿಸಿದ ಅದೇ ಬೇಬೆಲ್. ಅವರು 1913ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಆದರೆ ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ ಇದೆ. ಜುಲೈ 30ರಂದು ಪಕ್ಷ ತನ್ನ ನಾಯಕ ಫ್ರೀಡ್ರಿಕ್ ಎಬರ್ಟ್ ಅವರನ್ನು ಪಕ್ಷದ ಹಣದೊಂದಿಗೆ ಜ್ಯೂರಿಕ್‌ಗೆ ಕಳಿಸಿತ್ತು. ಮತ್ತೆ ನಿಷೇಧ ಬಂದೀತು, ಹಣವಾದರೂ ಉಳಿಯಲಿ ಎಂದು. 1870ರಲ್ಲಿ ಬೇಬೆಲ್, ಲೀಬ್‌ನೆಕ್ಟ್ ಅವರಿಗೆ ಕಳೆದುಕೊಳ್ಳಲು ಏನಿತ್ತು? 1914ರಲ್ಲಿ ಪಕ್ಷಕ್ಕೆ ಹತ್ತು ಲಕ್ಷ ಸದಸ್ಯರು, ತೊಂಬತ್ತರಷ್ಟು ದಿನಪತ್ರಿಕೆಗಳು, ಮುದ್ರಣಾಲಯಗಳು, ಕಟ್ಟಡಗಳು, ಸಂಘಗಳ ಮುಷ್ಕರ ನಿಧಿಗಳು, ಸಂಬಳದ ಸಾವಿರಾರು ನೌಕರರು. ನಲವತ್ತು ವರ್ಷ ಚಂದಾ ಎತ್ತಿ, ಜೈಲು ಕಂಡು, ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದ್ದು. ಒಂದು ‘ಇಲ್ಲ’ ಎಂಬ ಮತಕ್ಕೆ ಅದೆಲ್ಲ ಒಂದು ರಾತ್ರಿಯಲ್ಲಿ ಹೋಗಬಹುದಿತ್ತು. ಅವರು ಕಟ್ಟಿದ್ದನ್ನು ಉಳಿಸಿಕೊಂಡರು, ಯಾವುದಕ್ಕಾಗಿ ಕಟ್ಟಿದ್ದರೋ ಅದನ್ನು ಬಿಟ್ಟುಕೊಟ್ಟರು. ಅವರನ್ನು ಹೇಡಿಗಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಆ ಮತವನ್ನು ಕ್ಷಮಿಸಲೂ ಆಗುವುದಿಲ್ಲ.

ಆ ದಿನಗಳು ಹಳೆಯ ಹಣೆಪಟ್ಟಿಗಳನ್ನೆಲ್ಲ ಕಿತ್ತು ಹಾಕಿದವು. ಮಂತ್ರಿ ಸ್ಥಾನ ಹಿಡಿದದ್ದಕ್ಕೆ ಮಿಲ್ಲೆರಾಂ ಮೇಲೆ ಉರಿದುಬಿದ್ದಿದ್ದ ಗೆಡ್, ಆ ಆಗಸ್ಟ್ ತಿಂಗಳ ಕೊನೆಯಲ್ಲಿ ತಾವೇ ಯುದ್ಧ ಸರ್ಕಾರದ ಮಂತ್ರಿಯಾದರು. ಸಿದ್ಧಾಂತದ ಕಾವಲುಗಾರ ಕೌಟ್ಸ್ಕಿ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾದರು. ‘ದ್ರೋಹಿ’ ಬರ್ನ್‌ಸ್ಟೈನ್? ಮೊದಲ ಮತ ಅವರೂ ಯುದ್ಧದ ಪರ ಹಾಕಿದರು. ಆದರೆ ವರ್ಷ ತುಂಬುವುದರೊಳಗೆ ತಪ್ಪು ತಿಳಿದು, 1915ರ ಜೂನ್‌ನಲ್ಲಿ ಹಾಸೆ, ಕೌಟ್ಸ್ಕಿ ಜೊತೆ ಯುದ್ಧದ ವಿರುದ್ಧ ಮನವಿಗೆ ಸಹಿ ಹಾಕಿದರು. 1917ರಲ್ಲಿ ಯುದ್ಧ ವಿರೋಧಿಗಳ ಹೊಸ ಪಕ್ಷ ಸೇರಿದರು. ಹಾರ್ಡಿಯವರನ್ನು ಸ್ವಂತ ಕ್ಷೇತ್ರದ ಜನರೇ ಕೂಗಿ ಕೂರಿಸಿದರು. ಆ ನೋವಿನಲ್ಲೇ 1915ರಲ್ಲಿ ಕಣ್ಣುಮುಚ್ಚಿದರು. ಹಳೆಯ ಲೀಬ್‌ನೆಕ್ಟ್ ಅವರ ಮಗ ಕಾರ್ಲ್ ಲೀಬ್‌ನೆಕ್ಟ್ 1914ರ ಡಿಸೆಂಬರ್ 2ರಂದು ಇಡೀ ರೈಖ್‌ಸ್ಟಾಗ್‌ನಲ್ಲಿ ಒಬ್ಬರೇ ‘ಇಲ್ಲ’ ಎಂದರು. ಆಗಸ್ಟ್ 4ರ ರಾತ್ರಿ ಲಕ್ಸೆಂಬರ್ಗ್ ಮನೆಯಲ್ಲಿ ಬೆರಳೆಣಿಕೆಯ ಗೆಳೆಯರು ಸೇರಿ ಊರೂರಿಗೆ ತಂತಿ ಕಳಿಸಿದರು. ಕೂಡಲೇ ನಾನಿದ್ದೇನೆ ಎಂದವರು ಕ್ಲಾರಾ ಜೆಟ್ಕಿನ್ ಒಬ್ಬರೇ. 1910ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಹಿಳಾ ದಿನದ ಪ್ರಸ್ತಾಪ ಮುಂದಿಟ್ಟವರು ಅವರೇ.

ಯುದ್ಧದ ಬಹುಪಾಲು ಲಕ್ಸೆಂಬರ್ಗ್ ಜೈಲಿನಲ್ಲಿದ್ದರು. ಅಲ್ಲಿಂದಲೇ 1918ರಲ್ಲಿ, ರಷ್ಯಾದ ಕ್ರಾಂತಿಯನ್ನು ಮೆಚ್ಚುತ್ತಲೇ ಲೆನಿನ್‌ಗೆ ಎಚ್ಚರಿಕೆ ಬರೆದರು: ಬೇರೆಯಾಗಿ ಯೋಚಿಸುವವನಿಗೆ ಇರುವ ಸ್ವಾತಂತ್ರ್ಯವೇ ಸ್ವಾತಂತ್ರ್ಯ. 1919ರ ಜನವರಿ 15ರಂದು ಬರ್ಲಿನ್‌ನಲ್ಲಿ ಸರ್ಕಾರದ ಪರ ಹೋರಾಡುತ್ತಿದ್ದ ಸೈನಿಕರು ಅವರನ್ನೂ ಕಾರ್ಲ್ ಲೀಬ್‌ನೆಕ್ಟ್‌ರನ್ನೂ ಕೊಂದು, ಲಕ್ಸೆಂಬರ್ಗ್ ಅವರ ದೇಹವನ್ನು ಕಾಲುವೆಗೆ ಎಸೆದರು. ಅದು ಸಿಕ್ಕಿದ್ದು ಮೇ ಕೊನೆಯಲ್ಲಿ. ಆಗ ಸರ್ಕಾರ ನಡೆಸುತ್ತಿದ್ದವರು ಬೇಬೆಲ್ ಕಟ್ಟಿದ ಪಕ್ಷದವರು. ಹೌದು, ಹುತಾತ್ಮೆ ಎಂಬ ಮಾತು ಸರಿ. ಆದರೆ ಆ ಸಾವಿನ ಬೆಳಕಿನಲ್ಲಿ ಮಾತ್ರ ನೋಡಿದರೆ, ಎದುರಾಳಿಯ ಭಾಷಣವನ್ನು ಪ್ರೀತಿಯಿಂದ ಅನುವಾದಿಸಿದ ಹೆಣ್ಣುಮಗಳು ಮರೆಯಾಗುತ್ತಾಳೆ.

ಆದ್ದರಿಂದಲೇ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಅವರ ಜೈಲಿನ ಪತ್ರಗಳು. ಗ್ರಂಥಗಳು ಆಮೇಲೆ ಬರಲಿ. ಅದರಲ್ಲೂ 1917ರ ಡಿಸೆಂಬರ್‌ನಲ್ಲಿ ಬ್ರೆಸ್ಲಾವ್ ಜೈಲಿನಿಂದ ಕಾರ್ಲ್ ಲೀಬ್‌ನೆಕ್ಟ್ ಅವರ ಹೆಂಡತಿ ಸೋಫಿಗೆ ಬರೆದ ಪತ್ರ. ಜೈಲಿನ ಅಂಗಳಕ್ಕೆ ಸೈನ್ಯದ ಗಾಡಿಗಳು ಬರುತ್ತಿದ್ದವು. ಒಳಗೆ ರಣರಂಗದಿಂದ ಬಂದ ಹರಿದ ಅಂಗಿಗಳು, ರಕ್ತದ ಕಲೆ ಹತ್ತಿದ ಸಮವಸ್ತ್ರಗಳು. ಕೈದಿಗಳು ತೇಪೆ ಹಾಕಿಕೊಡಬೇಕು. ಒಂದು ದಿನ ಗಾಡಿ ಎಳೆದು ತಂದದ್ದು ಕುದುರೆಗಳಲ್ಲ, ರುಮೇನಿಯಾದಿಂದ ಯುದ್ಧದ ಲೂಟಿಯಾಗಿ ಹಿಡಿದು ತಂದ ಕೋಣಗಳು. ಹೊರೆ ಎಷ್ಟಿತ್ತೆಂದರೆ ಹೆಬ್ಬಾಗಿಲಿನ ಹೊಸ್ತಿಲು ದಾಟಿಸಲು ಅವಕ್ಕೆ ಆಗಲಿಲ್ಲ. ಸೈನಿಕ ಚಾವಟಿಯ ದಪ್ಪ ತುದಿಯಿಂದ ಬಡಿಯತೊಡಗಿದ. ಕಾವಲಿನ ಹೆಂಗಸು, ನಿನಗೆ ಮರುಕವಿಲ್ಲವೇ ಎಂದು ಕೇಳಿದರೆ, ನಮ್ಮಂಥ ಮನುಷ್ಯರ ಮೇಲೂ ಯಾರಿಗೂ ಮರುಕವಿಲ್ಲ ಎಂದು ನಕ್ಕು ಇನ್ನೂ ಜೋರಾಗಿ ಬಾರಿಸಿದ. ಕೋಣದ ಚರ್ಮ ಎಷ್ಟು ಗಟ್ಟಿ. ಅದೂ ಹರಿದು ರಕ್ತ ಸುರಿಯುತ್ತಿತ್ತು. ಹೊರೆ ಇಳಿಸುವಾಗ ಆ ಪ್ರಾಣಿ ಅತ್ತು ದಣಿದ ಮಗುವಿನಂತೆ ಎದುರಿಗೆ ನೋಡುತ್ತ ನಿಂತಿತ್ತು. ತಾನು ಅದರ ಮುಂದೆ ನಿಂತಿದ್ದೆ, ತನ್ನ ಕಣ್ಣಿನಿಂದ ಇಳಿದದ್ದು ಅದರ ಕಣ್ಣೀರು ಎಂದು ಲಕ್ಸೆಂಬರ್ಗ್ ಬರೆಯುತ್ತಾರೆ. ಕೈದಿಗಳು ಮೂಟೆಗಳನ್ನು ಒಳಗೆ ಹೊತ್ತೊಯ್ಯುತ್ತಿದ್ದರು. ಸೈನಿಕ ಎರಡೂ ಕೈ ಜೇಬಿಗೆ ಇಳಿಬಿಟ್ಟು, ಅಂಗಳದ ಉದ್ದಕ್ಕೂ ಅಡ್ಡಾಡುತ್ತ, ಮೆಲ್ಲಗೆ ಒಂದು ಹಾಡಿನ ಧಾಟಿಯಲ್ಲಿ ಸಿಳ್ಳೆ ಹಾಕುತ್ತಿದ್ದ.